ನೆಲ ಒಡೆದರೆ ಮನೆ ವಿಮೆ ಯಾವಾಗ ಕೊಡುತ್ತದೆ, ಯಾವಾಗ ಕೊಡುವುದಿಲ್ಲ: ಕಲಬುರಗಿ ಭಾಗದ ಮನೆಗಳಿಗೊಂದು ಮಾರ್ಗದರ್ಶಿ

ಒಂದೇ ಓಣಿಯಲ್ಲಿ ಮೂರು ಮನೆಗಳಿವೆ ಅಂದುಕೊಳ್ಳಿ. ಮೂರರಲ್ಲೂ ಹಾಲ್‌ನ ಟೈಲ್ಸ್ ಎದ್ದಿವೆ. ಮೊದಲನೆಯ ಮನೆಯಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನಿಂದ ಇಳಿಯುವ ಪೈಪು ರಾತ್ರಿ ಒಡೆದು, ಬೆಳಗಾಗುವಷ್ಟರಲ್ಲಿ ನೆಲದಡಿ ನೀರು ತುಂಬಿತ್ತು. ಎರಡನೆಯದರಲ್ಲಿ ಬಚ್ಚಲಿನ ಗೋಡೆ ವರ್ಷಗಳಿಂದ ತೇವ ಹಿಡಿದು, ಆ ತೇವವೇ ಮೆಲ್ಲಗೆ ಹಾಲ್‌ಗೆ ಬಂದಿತ್ತು. ಮೂರನೆಯ ಮನೆಯಲ್ಲಿ ನೀರಿನ ಸುದ್ದಿಯೇ ಇಲ್ಲ. ಎರಿ ಮಣ್ಣಿನ, ಅಂದರೆ ಕಪ್ಪು ಮಣ್ಣಿನ ಮೇಲೆ ಕಟ್ಟಿದ ಮನೆ. ಬೇಸಿಗೆಗೆ ನೆಲ ಕುಗ್ಗಿ, ಮಳೆಗೆ ಉಬ್ಬಿ, ಟೈಲ್ಸ್ ಸೀಳಿವೆ. ಮೂವರ ಹತ್ತಿರವೂ ಒಂದೇ ಬಗೆಯ ಪಾಲಿಸಿ ಇದೆ. ದುಡ್ಡು ಬರುವ ದಾರಿ ಇರುವುದು ಮೊದಲನೆಯವರಿಗೆ ಮಾತ್ರ.

ಇದನ್ನು ಕೇಳಿ ಉಳಿದ ಇಬ್ಬರೂ ಸಿಟ್ಟಾಗುತ್ತಾರೆ, ಸಹಜ. ಆದರೆ ವಿಮಾ ಕಂಪನಿ ಹಣ ಕೊಡುವುದು ಹಾಳಾದ ನೆಲಕ್ಕೆ ಅಂತ ಅಲ್ಲ, ಹಾಳು ಮಾಡಿದ ಕಾರಣಕ್ಕೆ. ಆ ಕಾರಣ ಪಾಲಿಸಿಯ ಪಟ್ಟಿಯಲ್ಲಿ ಇರಬೇಕು, ಅದು ನಡೆದ ದಿನ ಗೊತ್ತಿರಬೇಕು, ಅದಕ್ಕೆ ಸಾಕ್ಷಿ ಇರಬೇಕು. ಕೆಳಗೆ ಹೇಳಿರುವ ಹೆಜ್ಜೆಗಳೆಲ್ಲ ಈ ಮೂರರ ಸುತ್ತಲೇ ಇವೆ.

ಮೊದಲು ಕಪಾಟಿನಿಂದ ಕಾಗದ ತೆಗೆಯಿರಿ

ಗೃಹಸಾಲ ತೆಗೆದುಕೊಂಡವರಲ್ಲಿ ಬಹಳ ಮಂದಿ "ಬ್ಯಾಂಕಿನವರು ಇನ್ಶೂರೆನ್ಸ್ ಮಾಡಿಸ್ಯಾರ" ಅಂತ ನಿಶ್ಚಿಂತರಾಗಿರುತ್ತಾರೆ. ಯಾವ ಇನ್ಶೂರೆನ್ಸ್ ಅಂತ ನೋಡಿರುವುದಿಲ್ಲ. ಸಾಲದ ಜೊತೆ ಬ್ಯಾಂಕು ಮಾಡಿಸುವುದು ಎಷ್ಟೋ ಸಲ ಸಾಲಗಾರನ ಜೀವಕ್ಕೆ ಸಂಬಂಧಿಸಿದ ವಿಮೆ: ಸಾಲ ಪಡೆದವರು ತೀರಿಕೊಂಡರೆ ಸಾಲ ತೀರಿಸುವಂಥದ್ದು. ಅದರಲ್ಲಿ ನೆಲಕ್ಕಾಗಲಿ ಗೋಡೆಗಾಗಲಿ ಒಂದು ಪೈಸೆ ಇಲ್ಲ. ಕಾಗದದ ಮೇಲೆ ಕಟ್ಟಡದ ವಿಳಾಸ, ಕಟ್ಟಡದ ವಿಮಾ ಮೊತ್ತ, ಬೆಂಕಿ–ಪ್ರವಾಹ–ಭೂಕಂಪ ಎಂಬ ಮಾತುಗಳು ಇದ್ದರೆ ಮಾತ್ರ ಅದು ಮನೆ ವಿಮೆ. ಕಾಗದ ಸಿಗದಿದ್ದರೆ ಬ್ಯಾಂಕಿನ ಶಾಖೆಗೆ ಹೋಗಿ ಪಾಲಿಸಿಯ ಪ್ರತಿ ಕೇಳಿ ಪಡೆಯಿರಿ. ಪ್ರೀಮಿಯಂ ಕಟ್ಟಿದವರು ನೀವು, ಪ್ರತಿ ನಿಮ್ಮ ಹಕ್ಕು.

2021ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಮನೆಗಳಿಗೆ ಒಂದು ಪ್ರಮಾಣಿತ ಪಾಲಿಸಿ ಇದೆ. ಹೆಸರು 'ಭಾರತ್ ಗೃಹ ರಕ್ಷಾ'. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ರೂಪಿಸಿದ್ದು. ಬೆಂಕಿ ವಿಮೆ ಮಾರುವ ಸಾಮಾನ್ಯ ವಿಮಾ ಕಂಪನಿಗಳೆಲ್ಲ, ಸರ್ಕಾರಿ ಇರಲಿ ಖಾಸಗಿ ಇರಲಿ, ಇದನ್ನು ಕೊಡಲೇಬೇಕು. ಮೂಲ ಷರತ್ತುಗಳು ಎಲ್ಲ ಕಡೆ ಒಂದೇ. ಹಾಗಾಗಿ ಈ ಲೇಖನದಲ್ಲಿ ಹೇಳುವುದೆಲ್ಲ ಆ ಪಾಲಿಸಿಯನ್ನು ಮುಂದಿಟ್ಟುಕೊಂಡೇ. ನಿಮ್ಮದು ಬೇರೆ ಹೆಸರಿನ ಪಾಲಿಸಿಯಾಗಿದ್ದರೆ ಅದರ ಷರತ್ತಿನ ಹಾಳೆ ಪಕ್ಕದಲ್ಲಿಟ್ಟುಕೊಂಡು ಓದಿ.

ನೆಲ ಯಾರ ಲೆಕ್ಕಕ್ಕೆ ಬರುತ್ತದೆ

ಪಾಲಿಸಿಯಲ್ಲಿ ಎರಡು ಲೆಕ್ಕ: ಒಂದು ಕಟ್ಟಡದ್ದು, ಇನ್ನೊಂದು ಮನೆಯೊಳಗಿನ ಸಾಮಾನಿನದು. ಕಟ್ಟಡಕ್ಕೆ ಅಂಟಿಕೊಂಡದ್ದೆಲ್ಲ ಕಟ್ಟಡವೇ. ಶಹಾಬಾದಿ ಫರ್ಸಿ, ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್, ರೆಡ್ ಆಕ್ಸೈಡ್ ನೆಲ, ಅಂಟಿಸಿದ ಮರದ ಹಲಗೆಯ ನೆಲ ಎಲ್ಲವೂ ಇದರಲ್ಲೇ ಬರುತ್ತವೆ. ಅಂಗಳದ ಕಾರು ನಿಲ್ಲಿಸುವ ಜಾಗ, ಕಾಂಪೌಂಡ್ ಗೋಡೆ, ಹೊರಗಿನ ಟ್ಯಾಂಕು ಇವುಗಳನ್ನೂ ಕಟ್ಟಡದ ಜೊತೆಗಿನ ರಚನೆಗಳೆಂದು ಪಾಲಿಸಿ ಗುರುತಿಸುತ್ತದೆ.

ಹಾಸಿದ ಜಮಖಾನ, ಚಾಪೆ, ಸೋಫಾದಡಿಯ ಸಾದಾ ಕಾರ್ಪೆಟ್ ಸಾಮಾನಿನ ಲೆಕ್ಕ. ಕಟ್ಟಡದ ವಿಮೆ ಮಾಡಿಸಿದವರಿಗೆ ಸಾಮಾನ್ಯ ಸಾಮಾನಿಗೆ ಕಟ್ಟಡದ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ. ಬೆಲೆಬಾಳುವ ರತ್ನಗಂಬಳಿ, ಬೆಳ್ಳಿ ಸಾಮಾನು, ಕಲಾಕೃತಿಗಳು ಮಾತ್ರ ಬೇರೆ. ಅವುಗಳನ್ನು ಪಟ್ಟಿ ಮಾಡಿ, ಬೇರೆಯಾಗಿ ಪ್ರೀಮಿಯಂ ಕಟ್ಟಬೇಕು. ಬೀದರ್ ಕಡೆ ಮನೆಮನೆಯಲ್ಲಿ ಅಜ್ಜನ ಕಾಲದ ಬಿದ್ರಿ ಹುಕ್ಕಾ, ಹೂದಾನಿ ಇರುತ್ತವಲ್ಲ, ಅವೂ ಈ ಪಟ್ಟಿಗೇ ಸೇರಬೇಕಾದವು. ನೆಲಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೆ ಪಾಲಿಸಿ ಮಾಡಿಸುವ ದಿನ ನೆನಪಾಗದ ವಸ್ತು ಅದೇ.

ಬಾಡಿಗೆ ಮನೆಯವರಿಗೆ ಒಂದೇ ಮಾತು: ನೆಲ ಮಾಲೀಕರದು, ಅದರ ವಿಮೆಯೂ ಮಾಲೀಕರದೇ. ನೀವು ಮಾಡಿಸಬಹುದಾದದ್ದು ನಿಮ್ಮ ಸಾಮಾನಿನ ವಿಮೆ.

ಕಾರಣಗಳ ಪಟ್ಟಿ, ನಮ್ಮ ಭಾಗದ ಕಣ್ಣಿನಿಂದ

ಭಾರತ್ ಗೃಹ ರಕ್ಷಾ ಪಾಲಿಸಿ ಒಪ್ಪುವ ಕಾರಣಗಳು ಇವು: ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ ಮತ್ತು ಪ್ರವಾಹ, ಮನೆ ನಿಂತ ಭೂಮಿಯ ಕುಸಿತ, ಭೂಕುಸಿತ, ಕಾಡ್ಗಿಚ್ಚು, ಹೊರಗಿನ ವಸ್ತು ಬಂದು ಬಡಿಯುವುದು, ಗಲಭೆ, ಭಯೋತ್ಪಾದನೆ, ನೀರಿನ ಟ್ಯಾಂಕು ಅಥವಾ ಪೈಪು ಒಡೆಯುವುದು ಇಲ್ಲವೇ ಉಕ್ಕಿ ಹರಿಯುವುದು. ಕೆಲವನ್ನು ಬಿಟ್ಟಿದ್ದೇನೆ, ಅವು ನೆಲಕ್ಕೆ ಸಂಬಂಧಿಸಿದವಲ್ಲ. ಬೆಂಕಿ, ಸಿಲಿಂಡರ್ ಸ್ಫೋಟ, ಮರ ಬಿದ್ದು ವರಾಂಡದ ಕಲ್ಲು ಒಡೆಯುವುದು ಇವುಗಳಲ್ಲಿ ತಕರಾರು ಕಡಿಮೆ, ಹಾಗಾಗಿ ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಗಳ ಹುಟ್ಟುವುದು ನೀರು ಮತ್ತು ಮಣ್ಣಿನಲ್ಲಿ.

ಟ್ಯಾಂಕು, ಪೈಪಿನ ನೀರು. ನಮ್ಮ ಊರುಗಳಲ್ಲಿ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಸಂಪು ತುಂಬಬೇಕು, ಮೋಟರ್ ಚಾಲೂ ಮಾಡಿ ಮೇಲಿನ ಟ್ಯಾಂಕು ತುಂಬಬೇಕು. ಮೋಟರ್ ಹಚ್ಚಿ ಮರೆತು ಮಲಗಿದರೆ, ಟ್ಯಾಂಕು ಉಕ್ಕಿ ಮೆಟ್ಟಿಲಿನಿಂದ ಹಾಲ್‌ಗೆ ನೀರು ಇಳಿಯುತ್ತದೆ. ಪಾಲಿಸಿಯಲ್ಲಿ 'ಉಕ್ಕಿ ಹರಿಯುವುದು' ಎಂಬ ಮಾತು ಇರುವುದರಿಂದ ಇದು ಕೇಳಬಹುದಾದ ನಷ್ಟ. ಮರೆವು ಬೇರೆ, ಬೇಕಂತಲೇ ಮಾಡುವುದು ಬೇರೆ. ಪಾಲಿಸಿ ಹೊರಗಿಡುವುದು ಬೇಕಂತಲೇ ಮಾಡಿದ್ದನ್ನು. ಶಹಾಬಾದಿ ಹಾಸಿದ ಹಳೆಯ ಮನೆಗಳಲ್ಲಿ ಇಂಥ ನೀರಿನ ಪರಿಣಾಮ ಅದೇ ದಿನ ಕಾಣುವುದಿಲ್ಲ. ಕಲ್ಲಿನ ಕೆಳಗಿನ ಮುರುಮು, ಮರಳು ನೀರಿನೊಡನೆ ಜಾರಿ, ಕೆಲವು ದಿನಗಳ ಮೇಲೆ ಫರ್ಸಿ ಕಾಲಡಿಯಲ್ಲಿ ಅಲುಗಾಡತೊಡಗುತ್ತದೆ. ಅದಕ್ಕೇ ನೀರು ಬಂದ ದಿನವೇ ತಿಳಿಸಿಬಿಡಿ, ಅಲುಗಾಡಿದ ಮೇಲೆ ಅಲ್ಲ.

ಆದರೆ ಜಿನುಗುವ ಪೈಪು, ಬಚ್ಚಲಿನ ಟೈಲ್ಸ್ ಸಂದಿನಿಂದ ತಿಂಗಳುಗಟ್ಟಲೆ ಇಳಿದ ನೀರು, ನೆಲದಡಿಯಿಂದ ಏರುವ ತೇವ, ಇವು 'ಒಡೆಯುವುದು' ಅಲ್ಲ. ನಿರ್ವಹಣೆಯ ಕೊರತೆ ಅಂತ ಕಂಪನಿ ಬದಿಗಿಡುತ್ತದೆ. ಪೈಪು ಸವೆದು ಒಡೆದಿದ್ದರೆ ಅದು ಮಾಡಿದ ಹಾನಿಗೆ ಹಣ ಸಿಗಬಹುದು; ಸವೆದ ಪೈಪನ್ನೇ ಹೊಸದಾಗಿ ಹಾಕಿಸುವ ಖರ್ಚು ಸಾಮಾನ್ಯವಾಗಿ ನಿಮ್ಮದೇ.

ಹೊಳೆಯ ನೀರು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಅಫಜಲಪುರ, ಜೇವರ್ಗಿ ಕಡೆಯ ಊರುಗಳಲ್ಲಿ ಮನೆಯೊಳಗೆ ನೀರು ನಿಂತದ್ದು ಎಲ್ಲರಿಗೂ ನೆನಪಿದೆ. ಸೇಡಂ, ಮಳಖೇಡ ಕಡೆ ಕಾಗಿಣಾ, ಬೀದರ್ ಜಿಲ್ಲೆಯಲ್ಲಿ ಮಾಂಜ್ರಾ, ಸುರಪುರ–ಶಹಾಪುರ ಕಡೆ ಕೃಷ್ಣೆ, ಹೀಗೆ ಮೂರು ಜಿಲ್ಲೆಗೂ ಒಂದೊಂದು ಭಯ. ಪ್ರವಾಹ ಮತ್ತು ಜಲಾವೃತ ಎರಡೂ ಪಾಲಿಸಿಯಲ್ಲಿವೆ, ಹೊಳೆಯೇ ಬರಬೇಕಂತಿಲ್ಲ. ಜೋರು ಮಳೆಗೆ ರಸ್ತೆಯ ನೀರು ಹೊಸ್ತಿಲು ದಾಟಿ ಒಳಗೆ ಬಂದರೂ ಅದೇ ಲೆಕ್ಕ. ಒಂದು ಕಡೆ ಮಾತ್ರ ಎಚ್ಚರ: ಹೊಳೆ ದಂಡೆಯನ್ನೇ ಕೊರೆದು ಮನೆಯಡಿಯ ಮಣ್ಣು ಕುಸಿದರೆ, ಅಂಥ ಕುಸಿತವನ್ನು ಪಾಲಿಸಿ ಹೆಸರು ಹಿಡಿದೇ ಹೊರಗಿಟ್ಟಿದೆ.

ನೆಲ ಕುಸಿಯುವುದು, ಬಿರಿಯುವುದು. ನಮ್ಮ ಭಾಗದ ಕ್ಲೇಮುಗಳು ಹೆಚ್ಚು ಸೋಲುವ ಜಾಗ ಇದೇ ಎಂದು ನನ್ನ ಅನಿಸಿಕೆ. 'ಭೂಮಿಯ ಕುಸಿತ' ಎಂಬ ಮಾತು ಓದಿದವರಿಗೆ ಎರಿ ಮಣ್ಣಿನ ಬಿರುಕೂ ಅದರಲ್ಲಿ ಬರುತ್ತದೆ ಅನಿಸುತ್ತದೆ. ಅದರ ಪಕ್ಕದ ಕಾಲಂ ಓದಿ. ಹೊಸ ಕಟ್ಟಡ ಸಹಜವಾಗಿ ಕೂತು ಬಿಡುವ ಬಿರುಕು ಹೊರಗೆ. ತುಂಬಿದ ಮಣ್ಣು ಕೂರುವುದು ಅಥವಾ ಸರಿಯುವುದು ಹೊರಗೆ. ತಪ್ಪು ವಿನ್ಯಾಸ, ಕಳಪೆ ಕೆಲಸ, ಕಳಪೆ ಸಾಮಗ್ರಿ ಹೊರಗೆ. ಕಟ್ಟುವುದು, ಕೆಡವುವುದು, ಅಗೆಯುವುದು ಇವುಗಳಿಂದಾದದ್ದೂ ಹೊರಗೆ. ಎರಿ ಮಣ್ಣು ನೀರು ಕುಡಿದು ಉಬ್ಬುವುದು, ಒಣಗಿ ಕುಗ್ಗುವುದು ಅದರ ಗುಣ. ಅಂಥ ನೆಲದಲ್ಲಿ ಎರಿ ತೆಗೆದು, ಮುರುಮು ತುಂಬಿ, ದಮ್ಮಸು ಮಾಡಿ ಪಾಯ ಹಾಕಬೇಕೆಂಬುದು ಪ್ರತಿ ಗೌಂಡಿಗೂ ಗೊತ್ತು. ಅದನ್ನು ಮಾಡದೆ ಬಿರಿದರೆ, ಹಾನಿ ನೋಡಲು ಕಂಪನಿ ಕಳಿಸುವ ಸರ್ವೇಯರ್ 'ಕೆಲಸದ ದೋಷ' ಅಂತ ಬರೆಯುತ್ತಾರೆ. ಶಹಾಬಾದ, ವಾಡಿ ಸುತ್ತ ಹಳೆಯ ಕಲ್ಲಿನ ಖಣಿ ತುಂಬಿಸಿ ಮಾಡಿದ ಜಾಗದಲ್ಲಿ, ಹಳ್ಳ ಮುಚ್ಚಿ ಮಾಡಿದ ಲೇಔಟ್‌ನಲ್ಲಿ ಪ್ಲಾಟು ಕೊಂಡವರು 'ತುಂಬಿದ ಮಣ್ಣು' ಎಂಬ ಸಾಲನ್ನು ಎರಡು ಸಲ ಓದಬೇಕು. ಪಕ್ಕದವರು ನಿಮ್ಮ ಗೋಡೆಗೆ ಹತ್ತಿ ಪಾಯ ತೋಡಿ ನಿಮ್ಮ ನೆಲ ಜಗ್ಗಿತು ಅನ್ನಿ, ಅದು ವಿಮೆಯ ಹತ್ತಿರ ಹೋಗುವ ವ್ಯಾಜ್ಯವಲ್ಲ, ಪಕ್ಕದವರ ಹತ್ತಿರ ಹೋಗುವ ವ್ಯಾಜ್ಯ.

ಹಾಗಾದರೆ ಕುಸಿತ ಎಂದರೆ ಯಾವುದು? ಕಟ್ಟಡದ ಭಾರದಿಂದಲ್ಲದೆ, ತುಂಬಿದ್ದಲ್ಲದ ಮೂಲ ನೆಲವೇ ತನ್ನಷ್ಟಕ್ಕೆ ಕೆಳಗಿಳಿದು ಮನೆಯನ್ನೂ ಎಳೆದದ್ದು. ಇದನ್ನು ಸಾಬೀತು ಮಾಡಲು ಸಿವಿಲ್ ಎಂಜಿನಿಯರ್ ಬರೆದ ವರದಿ ಬೇಕು. ಗೌಂಡಿಯ ಮಾತು ಸಾಲದು.

ಭೂಕಂಪ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ನಡೆದದ್ದು ನಮ್ಮ ಗಡಿಯ ಆಚೆ, ಆಳಂದ–ಬಸವಕಲ್ಯಾಣಕ್ಕೆ ದೂರವಲ್ಲ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಭೂಮಿ ಮತ್ತೆ ಮತ್ತೆ ನಡುಗಿ ಜನ ಬಯಲಲ್ಲಿ ಮಲಗಿದ್ದರು. ಭೂಕಂಪದ ರಕ್ಷಣೆ ಈ ಪಾಲಿಸಿಯಲ್ಲಿ ಮೊದಲೇ ಸೇರಿದೆ, ಬೇರೆ ಹಣ ಕೊಡಬೇಕಿಲ್ಲ. ಕಷ್ಟ ಇರುವುದು ಬಿರುಕು ಯಾವಾಗಿನದು ಎಂಬುದರಲ್ಲಿ. ಹಳೆಯ ಬಿರುಕಿನ ಒಳಗೆ ಧೂಳು, ಸುಣ್ಣ, ಬಣ್ಣ, ನೆಲ ಒರೆಸಿದ ಕೊಳೆ ಕೂತಿರುತ್ತದೆ. ಹೊಸದು ಒಳಗೆ ಸ್ವಚ್ಛ, ಅಂಚು ಚೂಪು. ಸರ್ವೇಯರ್ ಬ್ಯಾಟರಿ ಹಿಡಿದು ನೋಡುವುದು ಇದನ್ನೇ. ನೀವು ಮೊದಲೇ ನೋಡಿಕೊಂಡಿರಿ.

ಇನ್ನು ಯಾವ ಪಟ್ಟಿಗೂ ಬಾರದವು. ಏಪ್ರಿಲ್–ಮೇ ಬಿಸಿಲಿಗೆ ಟೈಲ್ಸ್ ಹಿಗ್ಗಿ, ಸಂದು ಬಿಡದೆ ಹಾಕಿದ್ದರಿಂದ ಜಾಗ ಸಾಲದೆ, ನಡುಮನೆಯಲ್ಲಿ 'ಟಪ್' ಅಂತ ಸದ್ದು ಮಾಡಿ ಗುಡಿಸಲಿನ ಹಾಗೆ ಎದ್ದು ನಿಲ್ಲುವುದು. ಗೆದ್ದಲು. ನೆಲದಡಿ ಬಿಲ ತೋಡುವ ಹೆಗ್ಗಣ. ವರ್ಷಗಟ್ಟಲೆ ಓಡಾಡಿ ಸವೆದದ್ದು. ಇವಕ್ಕೆ ಕ್ಲೇಮು ಹಾಕಿ ಸಮಯ ಕಳೆಯಬೇಡಿ. ಟೈಲ್ಸ್ ಹೊಸದಾಗಿದ್ದರೆ ಹಾಕಿದ ಗುತ್ತಿಗೆದಾರನನ್ನು ಹಿಡಿಯಿರಿ.

ಮೊತ್ತ ಸರಿಯಾಗಿ ಬರೆಸಿ

ವಿಮಾ ಮೊತ್ತ ಅಂದಾಗ ನಮ್ಮವರು ಪ್ಲಾಟಿನ ರೇಟು ಹೇಳುತ್ತಾರೆ. ಜಾಗ ಸುಡುವುದಿಲ್ಲ, ಕೊಚ್ಚಿ ಹೋಗುವುದಿಲ್ಲ, ಅದಕ್ಕೆ ವಿಮೆಯೂ ಇಲ್ಲ. ಲೆಕ್ಕ ಇಷ್ಟೇ: ಗೋಡೆಯೊಳಗಿನ ಬಳಕೆಯ ವಿಸ್ತೀರ್ಣ, ಅಂದರೆ ಕಾರ್ಪೆಟ್ ಏರಿಯಾವನ್ನು ಇವತ್ತಿನ ದಿನ ಅಂಥದೇ ಮನೆ ಕಟ್ಟಲು ಚದರಡಿಗೆ ಬೀಳುವ ಖರ್ಚಿನಿಂದ ಗುಣಿಸಿ. ಉದಾಹರಣೆಗೆ 1,000 ಚದರಡಿ, ಚದರಡಿಗೆ 2,000 ರೂಪಾಯಿ ಹಿಡಿದರೆ ಕಟ್ಟಡದ ಮೊತ್ತ 20 ಲಕ್ಷ. ಸಾಮಾನಿಗೆ ಅದರ ಶೇ 20, ಅಂದರೆ 4 ಲಕ್ಷ. ಮನೆಗೆ ಗ್ರಾನೈಟ್ ಹಾಸಿದ್ದರೆ ಚದರಡಿಯ ದರದಲ್ಲಿ ಅದನ್ನೂ ಸೇರಿಸಿ. ಎಲ್ಲರ ಮನೆಗೂ ಒಂದೇ ದರ ಹಾಕುವ ಏಜೆಂಟರು ಇದ್ದಾರೆ.

ಈ ಪಾಲಿಸಿಯ ಒಳ್ಳೆಯ ಗುಣ ಒಂದಿದೆ. ವಿಸ್ತೀರ್ಣ ಸರಿಯಾಗಿ ಹೇಳಿ ಅದರ ಮೇಲೆ ಮೊತ್ತ ಹಾಕಿಸಿದ್ದರೆ, 'ನೀವು ಕಡಿಮೆ ಮೊತ್ತಕ್ಕೆ ಮಾಡಿಸಿದ್ದೀರಿ' ಅಂತ ಹೇಳಿ ಕ್ಲೇಮಿನ ಹಣ ಕತ್ತರಿಸುವಂತಿಲ್ಲ. ಹಳೆಯ ಪಾಲಿಸಿಗಳಲ್ಲಿ ಈ ಕತ್ತರಿ ಬಹಳ ಚೂಪಾಗಿತ್ತು. ಹತ್ತು ವರ್ಷದವರೆಗೆ ಒಮ್ಮೆಲೇ ಮಾಡಿಸಬಹುದು. ದೀರ್ಘಾವಧಿಯ ಪಾಲಿಸಿಯಲ್ಲಿ ಕಟ್ಟಡದ ಮೊತ್ತ ಪ್ರತಿ ವರ್ಷ ಶೇ 10ರಷ್ಟು ತಾನಾಗಿಯೇ ಏರುತ್ತದೆ.

ಆಮೇಲೆ ಮೇಲೊಂದು ರೂಮು ಕಟ್ಟಿಸಿದಿರಿ ಅನ್ನಿ. ಕಾರ್ಪೆಟ್ ಏರಿಯಾ ಶೇ 10ಕ್ಕಿಂತ ಹೆಚ್ಚಾದರೆ ಕಂಪನಿಗೆ ತಿಳಿಸಿ, ಹೆಚ್ಚಿನ ಪ್ರೀಮಿಯಂ ಕಟ್ಟಿ, ಪಾಲಿಸಿಯಲ್ಲಿ ಬರೆಸಿಕೊಳ್ಳಬೇಕು. ಇಲ್ಲದಿದ್ದರೆ ಹೊಸ ರೂಮಿನ ನೆಲಕ್ಕೆ ಏನೂ ಸಿಗುವುದಿಲ್ಲ.

ಹಾನಿಯಾದ ದಿನ

ಮೊದಲ ಕೆಲಸ ನೀರು ನಿಲ್ಲಿಸುವುದು, ಕರೆಂಟಿನ ಮೇನ್ ಇಳಿಸುವುದು. ಹಾನಿ ಬೆಳೆಯದಂತೆ ತಡೆಯುವುದು ಪಾಲಿಸಿದಾರನ ಹೊಣೆ, ಹಾಗಾಗಿ 'ಸರ್ವೇಯರ್ ಬರಲಿ' ಅಂತ ನೀರಿನಲ್ಲಿ ಕೂರಬೇಡಿ. ಆದರೆ ಒರೆಸುವ ಮೊದಲು ಮೊಬೈಲು ತೆಗೆಯಿರಿ.

ಫೋಟೋಗೂ ಒಂದು ಕ್ರಮ ಇದೆ. ಗೇಟಿನಿಂದ ಶುರು ಮಾಡಿ, ಮನೆ ನಂಬರ್ ಕಾಣಲಿ. ಬಾಗಿಲಿನಿಂದ ಇಡೀ ಹಾಲ್. ಗೋಡೆಯ ಮೇಲೆ ನೀರು ನಿಂತ ಗೆರೆ, ಅದರ ಪಕ್ಕದಲ್ಲಿ ಟೇಪು ಹಿಡಿದು. ಎದ್ದ ಟೈಲ್ಸ್ ಹತ್ತಿರದಿಂದ, ಪಕ್ಕದಲ್ಲೊಂದು ಸ್ಕೇಲು ಇಟ್ಟು. ಎದ್ದಿಲ್ಲದ ಟೈಲ್ಸ್ ಕೂಡ ಒಳಗೆ ಬಿಟ್ಟಿರಬಹುದು: ಹತ್ತು ರೂಪಾಯಿ ನಾಣ್ಯದಿಂದ ಒಂದೊಂದನ್ನೇ ತಟ್ಟುತ್ತಾ ವಿಡಿಯೋ ಮಾಡಿ. ಗಟ್ಟಿ ಕೂತದ್ದು 'ಟಕ್' ಅನ್ನುತ್ತದೆ, ಬಿಟ್ಟದ್ದು ಡಬ್ಬದ ಹಾಗೆ 'ಢಬ್' ಅನ್ನುತ್ತದೆ. ಢಬ್ ಅಂದದ್ದಕ್ಕೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ, ಆಮೇಲೆ ಮೇಲಿನಿಂದ ಇಡೀ ನೆಲದ ಒಂದು ಫೋಟೋ ತೆಗೆಯಿರಿ. ಕ್ಲೇಮಿನ ಚದರಡಿ ಲೆಕ್ಕ ಈ ಒಂದು ಫೋಟೋ ಮೇಲೆ ನಿಲ್ಲುತ್ತದೆ. ಇದನ್ನು ಮಾಡದವರು ಕಣ್ಣಿಗೆ ಕಾಣುವ ನಾಲ್ಕು ಟೈಲ್ಸಿಗೆ ಹಣ ಪಡೆದು, ಉಳಿದ ಮೂವತ್ತನ್ನು ಮುಂದಿನ ಬೇಸಿಗೆಗೆ ಸ್ವಂತ ದುಡ್ಡಿನಲ್ಲಿ ಹಾಕಿಸುತ್ತಾರೆ.

ಒಡೆದ ಪೈಪಿನ ತುಂಡನ್ನು ಪ್ಲಂಬರ್ ಕೈಗೆ ಕೊಟ್ಟು ಕಳಿಸಬೇಡಿ. ಅದೇ ನಿಮ್ಮ ದೊಡ್ಡ ಸಾಕ್ಷಿ. ಪಾಲಿಥಿನ್ ಚೀಲದಲ್ಲಿ ಹಾಕಿ ತಾರೀಕು ಬರೆದಿಡಿ. ಎಲ್ಲಿ ಒಡೆದಿತ್ತು, ಹೇಗೆ ಒಡೆದಿತ್ತು, ಯಾವ ದಿನ ಸರಿ ಮಾಡಿದೆ ಅಂತ ಪ್ಲಂಬರ್ ಹತ್ತಿರ ಎರಡು ಸಾಲು ಬರೆಸಿ ಸಹಿ ಮಾಡಿಸಿ. ಎದ್ದ ಟೈಲ್ಸ್‌ನಲ್ಲಿ ಒಂದೆರಡನ್ನು ಉಳಿಸಿ. ಬೆನ್ನ ಮೇಲೆ ಕಂಪನಿಯ ಗುರುತು ಇರುತ್ತದೆ, ಬೆಲೆ ಹೇಳಲು ಅದು ಬೇಕು.

ಅದೇ ದಿನ ಕಂಪನಿಯ ಟೋಲ್‌ಫ್ರೀ ನಂಬರಿಗೆ ಕರೆ ಮಾಡಿ ಕ್ಲೇಮ್ ನಂಬರ್ ಪಡೆಯಿರಿ, ಅದೇ ಮಾತನ್ನು ಇಮೇಲ್‌ನಲ್ಲೂ ಹಾಕಿ. ಏಜೆಂಟರಿಗೆ ಹೇಳಿದ್ದು ಕಂಪನಿಗೆ ಹೇಳಿದಂತಲ್ಲ. ಕ್ಲೇಮ್ ಫಾರ್ಮನ್ನು ಹಾನಿ ಗಮನಕ್ಕೆ ಬಂದ 30 ದಿನದೊಳಗೆ ಕೊಡಬೇಕು.

ಪ್ರವಾಹ ಅಥವಾ ಭಾರಿ ಮಳೆಯಾಗಿದ್ದರೆ ಕಂದಾಯ ಇಲಾಖೆಯವರು ಪಂಚನಾಮೆಗೆ ಬರುತ್ತಾರೆ. ಸರ್ಕಾರದ ಪರಿಹಾರ ಬೇರೆ, ವಿಮೆ ಬೇರೆ. ಆದರೆ ಪಂಚನಾಮೆಯ ಪ್ರತಿ ವಿಮೆಗೂ ಸಾಕ್ಷಿ. ಗ್ರಾಮ ಆಡಳಿತ ಅಧಿಕಾರಿ ಬಂದ ದಿನವೇ 'ನೆಲಕ್ಕೂ ಹಾನಿಯಾಗಿದೆ' ಅಂತ ಬರೆಸಿ, ಅವರ ಕಣ್ಣು ಕುಸಿದ ಗೋಡೆಯ ಕಡೆಗೇ ಹೋಗುತ್ತದೆ. ಮಳೆಯ ದಾಖಲೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳನ್ನು ಇಟ್ಟಿದೆ, ಯಾವ ದಿನ ಎಷ್ಟು ಮಿಲಿಮೀಟರ್ ಅಂತ ಅದರ ಹತ್ತಿರ ಲೆಕ್ಕ ಇರುತ್ತದೆ. ಭೂಮಿ ನಡುಗಿದ ದಿನ, ತೀವ್ರತೆಯ ವಿವರವನ್ನೂ ಅದೇ ಕೇಂದ್ರ ಪ್ರಕಟಿಸುತ್ತದೆ. ಆ ಪ್ರಕಟಣೆಯನ್ನು ಉಳಿಸಿಕೊಳ್ಳಿ.

ಸರ್ವೇಯರ್ ಬಂದಾಗ

2024ರ ಜೂನ್‌ನಲ್ಲಿ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆಯ ಪ್ರಕಾರ ಕ್ಲೇಮು ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, ಅವರು 15 ದಿನದಲ್ಲಿ ವರದಿ ಕೊಡಬೇಕು, ವರದಿ ಕೈಸೇರಿದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಪ್ರವಾಹದ ಸಮಯದಲ್ಲಿ ಊರಿಗೆ ಊರೇ ಕ್ಲೇಮು ಹಾಕಿರುವಾಗ ತಡವಾಗಬಹುದು, ಆಗ ಈ ದಿನಗಳನ್ನು ಇಮೇಲ್‌ನಲ್ಲಿ ನೆನಪಿಸಿ.

ಸರ್ವೇಯರ್ ಬರುವ ಮೊದಲು ನೆಲ ಕೀಳಿಸಬೇಡಿ. ಮನೆಯಲ್ಲಿ ವೃದ್ಧರಿದ್ದಾರೆ, ಎಡವಿ ಬೀಳುತ್ತಾರೆ, ತಕ್ಷಣ ತೆಗೆಯಲೇಬೇಕು ಅಂದರೆ ಫೋಟೋ ಸಮೇತ ಬರೆದು ಕೇಳಿ, ಬರಹದಲ್ಲೇ ಒಪ್ಪಿಗೆ ಪಡೆಯಿರಿ. ವಾಟ್ಸ್ಆ್ಯಪ್ ಸಂದೇಶವೂ ಬರಹವೇ.

ಇನ್ನೊಂದು ಸಂಗತಿ, ಮಾತಿನದು. ನಮ್ಮ ಜನ ಸಂಕೋಚದವರು, ಮನೆಗೆ ಬಂದವರಿಗೆ ಚಹಾ ಕೊಟ್ಟು ಸುಮ್ಮನೆ ಹೂಂ ಅನ್ನುತ್ತಾರೆ. ಸರ್ವೇಯರ್ ಕೇಳುತ್ತಾರೆ: "ಕಾಕಾ, ಈ ಬಿರುಕು ಯಾವಾಗಿಂದ ಅದ?" ಕಾಕಾ ಹೇಳುತ್ತಾರೆ: "ಮೊದಲಿಂದನೂ ಸ್ವಲ್ಪ ಇತ್ತಪ್ಪಾ, ಈಗ ಜಾಸ್ತಿ ಆಗ್ಯದ." ಅಷ್ಟು ಸಾಕು, ವರದಿಯಲ್ಲಿ 'ಹಳೆಯ ಹಾನಿ' ಅಂತ ಬರುತ್ತದೆ. ಸುಳ್ಳು ಹೇಳಿ ಅಂತ ನಾನು ಹೇಳುತ್ತಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಇಡೀ ಕ್ಲೇಮೇ ಹೋಗುತ್ತದೆ. ಬಿಡಿಸಿ ಹೇಳಿ: "ಬಾಗಿಲ ಹತ್ರದ ಈ ಗೆರಿ ಹಳೇದು ಅದರಿ, ಅದಕ್ಕ ನಾ ಕೇಳಂಗಿಲ್ಲ. ಸೀಮೆಸುಣ್ಣದಾಗ ಗುರ್ತು ಹಾಕಿದ್ದು ಅಷ್ಟೂ ಪೈಪ್ ಒಡದ ಮ್ಯಾಲ ಬಿಟ್ಟಾವ. ವಿಡಿಯೋ ಅದ, ನೋಡ್ರಿ." ಹಳೆಯದನ್ನು ತಾನೇ ಒಪ್ಪಿಕೊಂಡವನ ಹೊಸ ಹಾನಿಯನ್ನು ಸರ್ವೇಯರ್ ಸುಲಭವಾಗಿ ನಂಬುತ್ತಾರೆ.

ಗೌಂಡಿಯ ಕೊಟೇಶನ್ ಮೊದಲೇ ತೆಗೆದಿಡಿ. 'ನೆಲದ ಕೆಲಸ, ಒಟ್ಟು ಇಷ್ಟು' ಅಂತ ಒಂದೇ ಸಾಲು ಬರೆದ ಚೀಟಿಗೆ ಬೆಲೆ ಇಲ್ಲ. ಹಳೆಯದನ್ನು ಕೀಳುವುದು, ಮುರುಮು, ಸಿಮೆಂಟು–ಮರಳು, ಟೈಲ್ಸ್ ಅಥವಾ ಫರ್ಸಿ, ಕೂಲಿ, ಪಾಲಿಶ್, ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಹಾಕುವ ಪಟ್ಟಿ), ಕಸ ಸಾಗಿಸುವ ಟ್ರ್ಯಾಕ್ಟರ್, ಪ್ರತಿಯೊಂದಕ್ಕೂ ಬೇರೆ ಬೇರೆ ಮೊತ್ತ ಇರಲಿ. ಸ್ಕರ್ಟಿಂಗ್ ಬಿಟ್ಟುಹೋಗುವುದು ಸಾಮಾನ್ಯ.

ಕೈಗೆ ಎಷ್ಟು ಬರುತ್ತದೆ

ಮೊದಲು ಹೇಗಿತ್ತೋ ಅದೇ ಬಗೆಯ ನೆಲ ಮತ್ತೆ ಮಾಡಿಸಲು ಬೇಕಾದಷ್ಟು. ಶಹಾಬಾದಿ ಇದ್ದಲ್ಲಿ ಇಟಾಲಿಯನ್ ಮಾರ್ಬಲ್ ಹಾಕಿಸಿದರೆ ವ್ಯತ್ಯಾಸ ನಿಮ್ಮ ಜೇಬಿನದು. ಮೂಲ ಖರ್ಚಿನ ಮೇಲೆ ಎಂಜಿನಿಯರ್, ಆರ್ಕಿಟೆಕ್ಟ್ ಶುಲ್ಕಕ್ಕೆ ಕ್ಲೇಮಿನ ಶೇ 5ರವರೆಗೆ, ಕಸ ತೆಗೆಸಲು ಶೇ 2ರವರೆಗೆ ಕೇಳಬಹುದು. ನೆಲದ ಖರ್ಚು 60,000 ಅಂತ ಒಪ್ಪಿತವಾದರೆ ಎಂಜಿನಿಯರಿಗೆ 3,000, ಟ್ರ್ಯಾಕ್ಟರಿಗೆ 1,200. ಟ್ರ್ಯಾಕ್ಟರಿನವ ಅದಕ್ಕೆ ಒಪ್ಪುತ್ತಾನೋ ಇಲ್ಲವೋ, ಅದು ಬೇರೆ ಮಾತು. ಮನೆ ವಾಸಕ್ಕೇ ಯೋಗ್ಯವಲ್ಲದಷ್ಟು ಹಾಳಾಗಿದ್ದರೆ ಬೇರೆ ಮನೆಯ ಬಾಡಿಗೆಯನ್ನೂ ಪಾಲಿಸಿ ಕೊಡುತ್ತದೆ. ಹಾಲ್ ಒಂದು ಎದ್ದು, ಉಳಿದ ಕೋಣೆ ಚೆನ್ನಾಗಿದ್ದರೆ ಅದನ್ನು ಕೇಳುವುದು ಕಷ್ಟ.

ಟೈಲ್ಸ್ ಹೊಂದಾಣಿಕೆಯ ತಕರಾರು ಬಂದೇ ಬರುತ್ತದೆ. 300 ಚದರಡಿ ಹಾಲ್‌ನಲ್ಲಿ 120 ಚದರಡಿ ಹಾಳಾಗಿದೆ, ಅದೇ ಡಿಸೈನು ಈಗ ಅಂಗಡಿಯಲ್ಲಿಲ್ಲ. ಕಂಪನಿ 120 ಚದರಡಿಗೆ ಕೊಡುತ್ತೇನೆ ಅನ್ನುತ್ತದೆ. ಚೆಂದಕ್ಕಾಗಿ ಇಡೀ ಹಾಲ್ ಮಾಡಿಸಿಕೊಡಬೇಕೆಂಬ ಸಾಲು ಪಾಲಿಸಿಯಲ್ಲಿಲ್ಲ. ಆದರೂ ಕೇಳಬೇಕು: ಆ ಡಿಸೈನು ನಿಂತುಹೋಗಿದೆ ಎಂದು ಟೈಲ್ಸ್ ಅಂಗಡಿಯವರಿಂದ ಲೆಟರ್‌ಹೆಡ್ ಮೇಲೆ ಬರೆಸಿ ಕೊಡಿ, ಹೊಸ ಟೈಲ್ಸಿನ ದಪ್ಪ ಬೇರೆಯಾಗಿ ನೆಲ ಸಮ ಬರುವುದಿಲ್ಲ ಎಂಬುದಿದ್ದರೆ ಅದನ್ನೂ ಬರೆಸಿ. ಚೆಂದದ ಮಾತಿಗಿಂತ ಎಡವುವ ಮಾತಿಗೆ ತೂಕ ಹೆಚ್ಚು. ಶಹಾಬಾದಿ ಮನೆಯವರು ಈ ವಿಷಯದಲ್ಲಿ ಪುಣ್ಯವಂತರು, ಕಲ್ಲು ಇಂದಿಗೂ ಪಕ್ಕದ ತಾಲ್ಲೂಕಿನಿಂದ ಬರುತ್ತದೆ, ಪಾಲಿಶ್ ಹೊಡೆದರೆ ಹಳೆಯದು ಹೊಸದು ಒಂದು ಹದಕ್ಕೆ ಬರುತ್ತವೆ. ಟೈಲ್ಸ್ ಹಾಕಿಸುವವರು ಒಂದು ಡಬ್ಬಿ ಹೆಚ್ಚಿಗೆ ಕೊಂಡು ಅಟ್ಟದ ಮೇಲಿಡುವುದು ಒಳ್ಳೆಯದು.

ತಿರಸ್ಕರಿಸಿದರೆ

ಫೋನಿನಲ್ಲಿ 'ಆಗೋದಿಲ್ಲ' ಅಂದರೆ ಅದು ಉತ್ತರವಲ್ಲ. ಯಾವ ಷರತ್ತಿನ ಪ್ರಕಾರ ಕೊಡುವುದಿಲ್ಲ ಅಂತ ಬರಹದಲ್ಲಿ ಕೇಳಿ, ಸರ್ವೇ ವರದಿಯ ಪ್ರತಿಯನ್ನೂ ಕೇಳಿ. ವರದಿಯಲ್ಲಿ 'ಕ್ರಮೇಣ ಆದ ಹಾನಿ' ಅಂತ ಇದ್ದು ನಿಮ್ಮ ಹತ್ತಿರ ಒಡೆದ ಪೈಪು, ಅದೇ ರಾತ್ರಿಯ ವಿಡಿಯೋ ಇದ್ದರೆ ಜಗ್ಗಬೇಡಿ. ಎರಿ ಮಣ್ಣಿನ ಬಿರುಕಾಗಿದ್ದರೆ ಇಲ್ಲಿಗೇ ಬಿಡುವುದು ಜಾಣತನ.

ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಜೊತೆಗೆ ಐಆರ್‌ಡಿಎಐನ 'ಬಿಮಾ ಭರೋಸಾ' ಜಾಲತಾಣದಲ್ಲಿ ಅಥವಾ 155255ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ದೂರು ಕೇಳಿ ತೀರ್ಮಾನ ಹೇಳುವ ಅಧಿಕಾರಿ, ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದ ಕಚೇರಿ ಬೆಂಗಳೂರಿನಲ್ಲಿದೆ, ದೂರನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ಕ್ಲೇಮು ಕೇಳುತ್ತಾರೆ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು.

ಬೆಂಗಳೂರಿನ ಸಹವಾಸ ಬೇಡ ಅನ್ನುವವರಿಗೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೂ ಸರಿ. ಅವಧಿ ಎರಡು ವರ್ಷ. ಆಯೋಗದ ಶುಲ್ಕ ನೀವು ಕಟ್ಟಿದ ಹಣದ, ಅಂದರೆ ಪ್ರೀಮಿಯಂನ ಮೇಲೆ ನಿಂತಿದೆ, 5 ಲಕ್ಷದವರೆಗೆ ಏನೂ ಇಲ್ಲ. ಮನೆ ವಿಮೆಯ ಪ್ರೀಮಿಯಂ ಅಷ್ಟಾಗುವುದೇ ಅಪರೂಪ. ದೂರಿನ ಜೊತೆ ಪಾಲಿಸಿ, ತಿರಸ್ಕಾರದ ಪತ್ರ, ಸರ್ವೇ ವರದಿ, ಫೋಟೋಗಳ ಮುದ್ರಿತ ಪ್ರತಿ, ಪ್ಲಂಬರ್ ಬರೆದ ಎರಡು ಸಾಲು, ಗೌಂಡಿಯ ಕೊಟೇಶನ್ ಇರಲಿ. ಪೈಪಿನ ತುಂಡನ್ನು ವಿಚಾರಣೆಯ ದಿನ ಕೈಯಲ್ಲೇ ತೆಗೆದುಕೊಂಡು ಹೋಗಿ.